ಕತ್ತರಿ ಹಿಡಿದವನ ಕಥೆ, ಜೊತೆಗೆ ನನ್ನದೊಂದು ತಪ್ಪೊಪ್ಪಿಗೆ

ಮೂರು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ರಿಲೀಸಿನ ಬೆನ್ನಿಗೆ ಪ್ಯಾಚು, ಪ್ಯಾಚಿನ ಬೆನ್ನಿಗೆ ಮತ್ತೊಂದು ರಿಲೀಸು... ಗೊತ್ತಲ್ಲ ನಮ್ಮ ಪಾಡು. ಈಗಲೂ ಬರೆಯುವ ಯೋಚನೆ ಇರಲಿಲ್ಲ. ಆದರೆ ಕಳೆದ ತಿಂಗಳು ಗದಗಿಗೆ ಗೆಳೆಯನೊಬ್ಬನ ಮದುವೆಗೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ಅದನ್ನು ಇಲ್ಲಿ ಬಿಟ್ಟರೆ ನನಗೆ ಸ್ವಲ್ಪ ನಿದ್ದೆ ಬಂದೀತು ಅಂತ ಕೂತಿದ್ದೇನೆ.

ವಿಷಯ ಸಿನಿಮಾ ಸಂಕಲನದ್ದು, ಅಂದರೆ ಎಡಿಟಿಂಗ್. ನಮ್ಮಲ್ಲಿ ಸಿನಿಮಾ ಜಗಳ ಅಂದರೆ ‘ರೀಮೇಕಾ ಸ್ವಮೇಕಾ’ ಅನ್ನುವುದೇ. ಕಥೆ ಎಲ್ಲಿಂದ ಕದ್ದರು, ಟ್ಯೂನು ಎಲ್ಲಿಂದ ಎತ್ತಿದರು ಅಂತ ಕಂಡುಹಿಡಿಯುವುದರಲ್ಲಿ ನಾವೆಲ್ಲ ಪತ್ತೇದಾರರೇ. ಆದರೆ ‘ಈ ಕಟ್ ಎಲ್ಲಿಂದ ಕದ್ದದ್ದು’ ಅಂತ ಯಾರಾದರೂ ಕೇಳಿದ್ದು ನೆನಪಿದೆಯೇ? ನನಗಂತೂ ಇಲ್ಲ. ಕೇಳಿದ್ದರೆ ನಾನು 2018ರಲ್ಲೇ ಸಿಕ್ಕಿಬೀಳುತ್ತಿದ್ದೆ.

ತಪ್ಪೊಪ್ಪಿಗೆ ಕೊನೆಗೆ. ಮೊದಲು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ.

* * *

1903ರ ಜನವರಿಯಲ್ಲಿ ಅಮೆರಿಕದಲ್ಲಿ ಎಡಿಸನ್ ಕಂಪನಿಯವರು ಆರು ನಿಮಿಷದ ಒಂದು ಚಿತ್ರ ಹೊರತಂದರು. ಹೆಸರು ‘ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮನ್’. ಮಾಡಿದವನು ಎಡ್ವಿನ್ ಎಸ್. ಪೋರ್ಟರ್. ಕಥೆ ಇಷ್ಟೇ: ಮನೆಗೆ ಬೆಂಕಿ ಬೀಳುತ್ತದೆ, ಅಗ್ನಿಶಾಮಕದವರು ಕುದುರೆಗಾಡಿಯಲ್ಲಿ ಓಡಿಬರುತ್ತಾರೆ, ಒಬ್ಬ ಏಣಿ ಹತ್ತಿ ತಾಯಿಯನ್ನೂ ಮಗುವನ್ನೂ ಇಳಿಸಿ ತರುತ್ತಾನೆ.

ಈ ಚಿತ್ರದ ಕೊನೆಯ ಭಾಗವನ್ನು ನೋಡಿ ಚರಿತ್ರಕಾರರು ಬಹಳ ಕಾಲ ಬೆರಗಾಗಿದ್ದರು. ಯಾಕೆಂದರೆ ನ್ಯೂಯಾರ್ಕಿನ ಮ್ಯೂಸಿಯಮ್ ಆಫ್ ಮಾಡರ್ನ್ ಆರ್ಟ್‌ಗೆ 1940ರ ದಶಕದಲ್ಲಿ ಬಂದ ಪ್ರತಿಯಲ್ಲಿ ಆ ಭಾಗ ಹೀಗಿತ್ತು: ಕೋಣೆಯೊಳಗೆ ಹೆಂಗಸು ಹೊಗೆಯಲ್ಲಿ ತತ್ತರಿಸುತ್ತಾಳೆ, ಕಟ್, ಹೊರಗೆ ಏಣಿ ನಿಲ್ಲಿಸುತ್ತಾರೆ, ಕಟ್, ಒಳಗೆ ಫೈರ್‌ಮನ್ ಬರುತ್ತಾನೆ, ಕಟ್, ಹೊರಗೆ ಅವಳನ್ನು ಹೊತ್ತು ಇಳಿಯುತ್ತಾನೆ, ಕಟ್, ಮತ್ತೆ ಒಳಗೆ ಮಗು... ಇವತ್ತು ನಾವು ಯಾವ ಸಿನಿಮಾದ ಕ್ಲೈಮ್ಯಾಕ್ಸ್ ನೋಡಿದರೂ ಕಾಣುವ ಒಳಗೆ-ಹೊರಗೆ ಆಟ, ಕ್ರಾಸ್ ಕಟಿಂಗ್. ಅದೂ 1903ರಲ್ಲಿ! ಲೂಯಿಸ್ ಜೇಕಬ್ಸ್ ಅನ್ನುವ ಚರಿತ್ರಕಾರ 1939ರಲ್ಲೇ ಎಡಿಟಿಂಗಿನ ಮೂಲತತ್ವ ಕಂಡುಕೊಂಡ ಶ್ರೇಯವನ್ನು ಪೋರ್ಟರ್‌ಗೆ ಕೊಟ್ಟಿದ್ದ. ಈ ಪ್ರತಿ ಸಿಕ್ಕ ಮೇಲೆ ಅದಕ್ಕೆ ಸಾಕ್ಷಿಯೂ ಸಿಕ್ಕಿದ ಹಾಗಾಯಿತು.

ಆದರೆ ಅದೇ ಚಿತ್ರದ ಇನ್ನೊಂದು ಪ್ರತಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿತ್ತು. ಅದು ಫಿಲ್ಮ್ ಅಲ್ಲ, ಕಾಗದ! ಆಗ ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ‘ಚಲನಚಿತ್ರ’ ಅನ್ನುವ ವರ್ಗವೇ ಇರಲಿಲ್ಲ, 1912ರಲ್ಲಿ ಬಂತು. ಫೋಟೋಗೆ ಮಾತ್ರ ಕಾಪಿರೈಟ್ ಇತ್ತು. ಹಾಗಾಗಿ ಕಂಪನಿಗಳು ಇಡೀ ಚಿತ್ರವನ್ನು ಫ್ರೇಮು ಫ್ರೇಮಾಗಿ ಉದ್ದನೆಯ ಫೋಟೋ ಕಾಗದದ ಸುರುಳಿಗೆ ಮುದ್ರಿಸಿ, ‘ಇಗೋ ನಮ್ಮ ಫೋಟೋ’ ಅಂತ ಕೊಟ್ಟು ನೋಂದಣಿ ಮಾಡಿಸುತ್ತಿದ್ದವು. ಅಂಥ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳ ಸುರುಳಿಗಳು ಅಲ್ಲಿ ದಶಕಗಟ್ಟಲೆ ಧೂಳು ತಿನ್ನುತ್ತ ಬಿದ್ದಿದ್ದವು. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದ್ದು, ಹೊತ್ತಿಕೊಳ್ಳದಿದ್ದರೆ ತಾನೇ ಕೊಳೆತುಹೋಗುವಂಥದ್ದು. ಫಿಲ್ಮು ಹೋಯಿತು, ಕಾಗದ ಉಳಿಯಿತು. 1950ರ ದಶಕದಲ್ಲಿ ಕೆಂಪ್ ನೈವರ್ ಅನ್ನುವವರು ಆ ಸುರುಳಿಗಳನ್ನು ಒಂದೊಂದು ಫ್ರೇಮಾಗಿ ಮತ್ತೆ ಫಿಲ್ಮಿಗೆ ಇಳಿಸುವ ಕೆಲಸ ಶುರುಮಾಡಿದರು. ಅದಕ್ಕೆ ಅವರಿಗೆ 1955ರಲ್ಲಿ ಆಸ್ಕರ್ ಅಕಾಡೆಮಿಯ ಗೌರವವೂ ಸಿಕ್ಕಿತು.

ಆ ಕಾಗದದ ಪ್ರತಿಯಲ್ಲಿ ಪೋರ್ಟರನ ಚಿತ್ರ ಹೇಗಿತ್ತು ಗೊತ್ತೇ? ಮೊದಲು ಕೋಣೆಯ ಒಳಗಿನಿಂದ ಇಡೀ ರಕ್ಷಣೆ: ಫೈರ್‌ಮನ್ ಬಂದ, ತಾಯಿಯನ್ನು ಹೊತ್ತೊಯ್ದ, ಮತ್ತೆ ಬಂದ, ಮಗುವನ್ನು ಎತ್ತಿಕೊಂಡ. ಅದು ಪೂರ್ತಿ ಮುಗಿದ ಮೇಲೆ ಹೊರಗಿನಿಂದ ಅದೇ ರಕ್ಷಣೆ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ! ಆಗಷ್ಟೇ ಉಳಿದುಕೊಂಡ ತಾಯಿ ಮಗುವನ್ನು ಫೈರ್‌ಮನ್ ಎರಡನೇ ಸಲ ಉಳಿಸುತ್ತಾನೆ. ನಮಗೆ ನಗು ಬರಬಹುದು. ಆಗಿನವರಿಗೆ ಅದು ಸಹಜವಾಗಿತ್ತು. ಒಂದು ಜಾಗದಲ್ಲಿ ನಡೆದದ್ದನ್ನು ಪೂರ್ತಿ ತೋರಿಸಿ, ಆಮೇಲೆ ಇನ್ನೊಂದು ಜಾಗದಿಂದ ತೋರಿಸುವುದು.

ಎರಡರಲ್ಲಿ ಅಸಲು ಯಾವುದು? ಚಾರ್ಲ್ಸ್ ಮಸ್ಸರ್, ಆಂದ್ರೆ ಗೊದ್ರೋ ಮುಂತಾದವರು 1970ರ ದಶಕದ ಕೊನೆಯಲ್ಲಿ ಕೂತು ಲೆಕ್ಕ ಬಿಡಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಪ್ರತಿಗಳ ‘ಡಿಫ್’ ತೆಗೆದರು. ಕಾಗದದ್ದೇ ಅಸಲು. ಮ್ಯೂಸಿಯಮ್ಮಿನದು ಆಮೇಲೆ ಯಾರೋ, ಕ್ರಾಸ್ ಕಟಿಂಗ್ ರೂಢಿಯಾದ ಕಾಲದವರು, ‘ಇದೇನಪ್ಪ ಹೀಗಿದೆ’ ಅಂದುಕೊಂಡು ‘ಸರಿ’ ಮಾಡಿದ್ದು. ಅಂದರೆ ಎಡಿಟಿಂಗಿನ ಪಿತಾಮಹ ಅಂತ ಒಬ್ಬನನ್ನು ದಶಕಗಳ ಕಾಲ ಹೊಗಳಿದ್ದು, ಅವನು ಮಾಡದೇ ಇದ್ದ ಎಡಿಟಿಂಗಿಗೆ.

ನಾನು ಇದನ್ನು ಮೊದಲು ಓದಿದಾಗ ನನಗೆ ಬಂದ ಯೋಚನೆ ಇಷ್ಟೇ: ಪಾಪ, ಯಾರೋ ಒಬ್ಬ ಕಮಿಟ್ ಮೆಸೇಜ್ ಬರೆಯದೆ ಕೋಡ್ ತಿದ್ದಿಬಿಟ್ಟ :)

* * *

ಇನ್ನೂ ಒಂದು ಮಜಾ ಇದೆ. ಪೋರ್ಟರನ ಬೆಂಕಿಯೂ ಪೋರ್ಟರನದಲ್ಲ. ಇಂಗ್ಲೆಂಡಿನ ಹೋವ್ ಊರಿನ ಜೇಮ್ಸ್ ವಿಲಿಯಮ್ಸನ್ 1901ರಲ್ಲೇ ‘ಫೈರ್!’ ಅನ್ನುವ ಚಿತ್ರ ಮಾಡಿದ್ದ. ಅದರಲ್ಲೂ ಉರಿಯುವ ಮನೆ, ಓಡಿಬರುವ ಕುದುರೆಗಾಡಿ, ಕಿಟಕಿಯಿಂದ ರಕ್ಷಣೆ ಎಲ್ಲ ಇದೆ. ಅಷ್ಟೇ ಅಲ್ಲ, ಫೈರ್‌ಮನ್ ಕಿಟಕಿ ದಾಟುವಾಗ ಒಳಗಿನ ಶಾಟ್ ಮುಗಿದು ಹೊರಗಿನ ಶಾಟ್ ಅಲ್ಲಿಂದಲೇ ಮುಂದುವರಿಯುತ್ತದೆ. ಪೋರ್ಟರ್‌ಗಿಂತ ಎರಡು ವರ್ಷ ಮೊದಲೇ, ಪೋರ್ಟರ್‌ಗಿಂತ ‘ಸರಿಯಾಗಿ’!

ಆ ಕಾಲದಲ್ಲಿ ನಕಲು ಅನ್ನುವುದು ಕದ್ದುಮುಚ್ಚಿ ಮಾಡುವ ಕೆಲಸವೇ ಆಗಿರಲಿಲ್ಲ. ಫ್ರಾನ್ಸಿನ ಮೆಲಿಯೆಸ್ 1902ರಲ್ಲಿ ಚಂದ್ರಲೋಕದ ಚಿತ್ರ ಮಾಡಿದ. ಅಮೆರಿಕದಲ್ಲಿ ಅದನ್ನು ಪ್ರತಿ ತೆಗೆದು ಮಾರಿ ದುಡ್ಡು ಮಾಡಿಕೊಂಡವರಲ್ಲಿ ಎಡಿಸನ್ ಕಂಪನಿಯೂ ಒಂದು. ಕೊನೆಗೆ ಮೆಲಿಯೆಸ್ ತನ್ನ ಅಣ್ಣನನ್ನು ನ್ಯೂಯಾರ್ಕಿಗೆ ಕಳಿಸಿ 1903ರಲ್ಲಿ ಆಫೀಸು ತೆರೆಸಬೇಕಾಯಿತು. ಅದೇ ಎಡಿಸನ್, ಫಿಲಡೆಲ್ಫಿಯಾದ ಸೀಗ್ಮಂಡ್ ಲೂಬಿನ್ ತನ್ನ ಚಿತ್ರವನ್ನು ಪ್ರತಿ ತೆಗೆದಾಗ ಮಾತ್ರ ಕೋರ್ಟಿಗೆ ಹೋದ. ಜರ್ಮನಿಯ ಕೈಸರನ ವಿಹಾರನೌಕೆಯ ನಾಮಕರಣದ ಚಿತ್ರ ಅದು. ಕೆಳಗಿನ ಕೋರ್ಟು 1903ರ ಜನವರಿಯಲ್ಲಿ, ಪ್ರತಿಯೊಂದು ಫ್ರೇಮೂ ಬೇರೆ ಫೋಟೋ, ಹಾಗಾಗಿ ಪ್ರತಿಯೊಂದಕ್ಕೂ ಬೇರೆ ನೋಂದಣಿ ಬೇಕು ಅಂದಿತು. ಯೋಚಿಸಿ, ಸೆಕೆಂಡಿಗೆ ಹತ್ತಾರು ಅರ್ಜಿ! ಅದೇ ವರ್ಷದ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿ, ಇಡೀ ಚಿತ್ರ ಒಂದೇ ಕೃತಿ ಅಂತ ಒಪ್ಪಿತು. ಚೂರುಗಳನ್ನು ಜೋಡಿಸಿದರೆ ಒಂದು ಕೃತಿ ಆಗುತ್ತದೆ ಅಂತ ಕಾನೂನು ಮೊದಲು ಒಪ್ಪಿದ ಗಳಿಗೆಗಳಲ್ಲಿ ಅದೊಂದು.

ಲೂಬಿನ್ ಸುಮ್ಮನಿದ್ದನೇ? ಪೋರ್ಟರ್ 1903ರ ಕೊನೆಗೆ ‘ದಿ ಗ್ರೇಟ್ ಟ್ರೇನ್ ರಾಬರಿ’ ಮಾಡಿ ಅದು ಭರ್ಜರಿ ಓಡಿತು. 1904ರಲ್ಲಿ ಲೂಬಿನ್ ಅದೇ ಹೆಸರಿನಲ್ಲಿ, ಅದೇ ದೃಶ್ಯಗಳನ್ನು ಹೊಸದಾಗಿ ಶೂಟ್ ಮಾಡಿ ಬಿಡುಗಡೆ ಮಾಡಿದ. ಪ್ರತಿ ತೆಗೆದರೆ ತಾನೇ ಕೇಸು? ನಮ್ಮ ರೀಮೇಕ್ ಮಂದಿ ಲೂಬಿನ್ ಫೋಟೋ ಇಟ್ಟು ಪೂಜೆ ಮಾಡಬೇಕು.

ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಣ್ಣ ವಿಷಯ. ಎಡಿಸನ್ ಕಂಪನಿ ಆ ಕಾಗದದ ಸುರುಳಿ ಕೊಟ್ಟದ್ದು ಚರಿತ್ರೆ ಉಳಿಸುವುದಕ್ಕಲ್ಲ, ನಕಲು ಮಾಡುವವರನ್ನು ತಡೆಯುವುದಕ್ಕೆ. ಅದೇ ಕಾಗದ ಎಪ್ಪತ್ತು ಚಿಲ್ಲರೆ ವರ್ಷದ ಮೇಲೆ ಅಸಲು ಯಾವುದು ಅಂತ ಹೇಳುವ ಸಾಕ್ಷಿಯಾಯಿತು. ಬ್ಯಾಕಪ್ ಇಟ್ಟಿದ್ದಕ್ಕೆ ಕಾರಣ ಏನೇ ಇರಲಿ, ಇಟ್ಟಿದ್ದರಲ್ಲ!

* * *

ಈಗ ರಷ್ಯಾ. ಕ್ರಾಂತಿಯ ನಂತರ ಅಲ್ಲಿ ಹೊಸ ಫಿಲ್ಮ್ ರೀಲು ಸಿಗುವುದೇ ಕಷ್ಟ. ಶೂಟ್ ಮಾಡಲು ಫಿಲ್ಮಿಲ್ಲದಾಗ ಇರುವುದನ್ನೇ ಕತ್ತರಿಸಿ ಅಂಟಿಸಿ ನೋಡುವುದು ತಾನೇ ದಾರಿ? ಲೆವ್ ಕುಲೆಶೋವ್ ಮೊಜ್ಜುಖಿನ್ ಅನ್ನುವ ನಟನ ಒಂದೇ ಮುಖಭಾವದ ಚೂರನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಇಟ್ಟು ತೋರಿಸಿದನಂತೆ. ಊಟದ ತಟ್ಟೆಯ ಪಕ್ಕ ಇಟ್ಟರೆ ಜನಕ್ಕೆ ಅವನ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ. ಮುಖ ಅದೇ, ಪಕ್ಕದ್ದು ಬದಲಾಯಿತು. ಆ ಪ್ರಯೋಗದ ಫಿಲ್ಮು ಇವತ್ತು ಉಳಿದಿಲ್ಲ, ಆದರೆ ಪಾಠ ಉಳಿಯಿತು.

ಇನ್ನೊಂದು ಕಡೆ ಎಸ್ಫಿರ್ ಶೂಬ್ ಅನ್ನುವ ಹೆಣ್ಣುಮಗಳು ಸರ್ಕಾರಿ ಸಂಸ್ಥೆಯಲ್ಲಿ ಕೂತು ವಿದೇಶಿ ಚಿತ್ರಗಳನ್ನು ಸೋವಿಯತ್ ಪ್ರೇಕ್ಷಕರಿಗೆ ತಕ್ಕಂತೆ ಮತ್ತೆ ಕತ್ತರಿಸುವ ಕೆಲಸ ಮಾಡುತ್ತಿದ್ದಳು. 1924ರಲ್ಲಿ ಫ್ರಿಟ್ಜ್ ಲ್ಯಾಂಗನ ಎರಡು ಭಾಗದ ‘ಡಾಕ್ಟರ್ ಮಬೂಜೆ’ ಚಿತ್ರವನ್ನು ಒಂದೇ ಚಿತ್ರವಾಗಿ ಇಳಿಸುವಾಗ ಅವಳ ಜೊತೆ ಕೂತು ಕೆಲಸ ಮಾಡಿದ ಯುವಕ ಸೆರ್ಗೈ ಐಸೆನ್‌ಸ್ಟೈನ್. ಮರುವರ್ಷ, 1925ರಲ್ಲಿ, ಅವನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಬಂತು. ಒಡೆಸ್ಸಾದ ಮೆಟ್ಟಿಲು, ಸೈನಿಕರ ಬೂಟು, ಕೈತಪ್ಪಿ ಉರುಳುವ ಮಗುವಿನ ಗಾಡಿ... ಎಡಿಟಿಂಗ್ ಕಲಿಸುವ ಎಲ್ಲ ಕಡೆ ಇವತ್ತಿಗೂ ತೋರಿಸುವ ದೃಶ್ಯ. ಜಗತ್ತಿನ ಅತ್ಯಂತ ‘ಒರಿಜಿನಲ್’ ಸಂಕಲನಕಾರ ಅನ್ನಿಸಿಕೊಂಡವನು ಕೈ ಪಳಗಿಸಿಕೊಂಡದ್ದು ಇನ್ನೊಬ್ಬನ ಸಿನಿಮಾ ಕತ್ತರಿಸಿ!

ಆ ಮಗುವಿನ ಗಾಡಿ ಮುಂದೆ ಎಲ್ಲೆಲ್ಲಿಗೋ ಉರುಳಿತು. ಬ್ರಿಯನ್ ಡಿ ಪಾಲ್ಮಾ 1987ರಲ್ಲಿ ‘ದಿ ಅನ್‌ಟಚಬಲ್ಸ್’ ಚಿತ್ರದಲ್ಲಿ ಅದನ್ನು ಶಿಕಾಗೋ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಉರುಳಿಸಿದ. 1994ರಲ್ಲಿ ‘ನೇಕೆಡ್ ಗನ್’ ಸರಣಿಯ ಮೂರನೆಯ ಚಿತ್ರದವರು ಡಿ ಪಾಲ್ಮಾನನ್ನು ಅಣಕಿಸಿ ಮತ್ತೆ ಉರುಳಿಸಿದರು. ಯಾರೂ ಯಾರ ಮೇಲೂ ಕೇಸು ಹಾಕಲಿಲ್ಲ.

ಕಥೆ ಎತ್ತಿದರೆ ಮಾತ್ರ ಬೇರೆ ಮಾತು. ಕುರೊಸಾವಾನ ‘ಯೋಜಿಂಬೋ’ (1961) ಚಿತ್ರವನ್ನು ಸೆರ್ಜಿಯೋ ಲಿಯೋನೆ ಹೇಳದೆ ಕೇಳದೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಮಾಡಿದಾಗ ಜಪಾನಿನವರು ಬಿಡಲಿಲ್ಲ. ರಾಜಿಯಾಗಿ ದುಡ್ಡು ಕೊಡಬೇಕಾಯಿತು. ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದ್ದೊಂದು ಬಂದಿತ್ತು. ‘ಹಮ್ ಹಿಂದೂಸ್ತಾನಿ’ ನಾಟಕ ಬರೆದ ಆರ್.ಜಿ. ಆನಂದ್, 1956ರ ‘ನ್ಯೂ ಡೆಲ್ಲಿ’ ಸಿನಿಮಾ ತನ್ನ ನಾಟಕದ ನಕಲು ಅಂತ ಹಾಕಿದ ಕೇಸು. 1978ರ ತೀರ್ಪಿನಲ್ಲಿ ಅವರು ಸೋತರು. ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅನ್ನುವುದು ಅದರ ಸಾರ.

ಹಾಗಾದರೆ ಕಟ್? ಅದು ಐಡಿಯಾನಾ, ಹೇಳುವ ರೀತಿನಾ? ಒಳಗೆ-ಹೊರಗೆ ತೋರಿಸುವುದು ಯಾರ ಆಸ್ತಿಯೂ ಅಲ್ಲ, ‘ಫಾರ್ ಲೂಪ್’ ಯಾರ ಆಸ್ತಿಯೂ ಅಲ್ಲದ ಹಾಗೆ. ಅದು ವ್ಯಾಕರಣ. ಅಲ್ಲಿಗೆ ಮುಗಿಯಿತು ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ವ್ಯಾಕರಣ ಎಲ್ಲರದು ಅಂದಮಾತ್ರಕ್ಕೆ ವಾಕ್ಯವೂ ಎಲ್ಲರದಾಗುವುದಿಲ್ಲವಲ್ಲ.

ಗಸ್ ವಾನ್ ಸ್ಯಾಂಟ್ 1998ರಲ್ಲಿ ಹಿಚ್‌ಕಾಕನ ‘ಸೈಕೋ’ (1960) ಚಿತ್ರವನ್ನು ಹೆಚ್ಚೂಕಮ್ಮಿ ಶಾಟಿಗೆ ಶಾಟು ಮತ್ತೆ ತೆಗೆದ. ಅದೇ ಸ್ಕ್ರಿಪ್ಟು, ಅದೇ ಸಂಗೀತ, ಬಹುತೇಕ ಅದೇ ಕಟ್ಟು, ಬಣ್ಣ ಮಾತ್ರ ಹೊಸದು. ಹಿಚ್‌ಕಾಕನ ಭಯ ಮಾತ್ರ ಬರಲಿಲ್ಲ. ಬಂದದ್ದು ಅತಿ ಕೆಟ್ಟ ನಿರ್ದೇಶಕ ಅನ್ನುವ ಗೋಲ್ಡನ್ ರಾಸ್ಪ್‌ಬೆರಿ ಪ್ರಶಸ್ತಿ. ನಾನು ಎರಡನ್ನೂ ಒಂದು ಭಾನುವಾರ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಕಟ್ ಅದೇ ಇದ್ದರೂ ಒಳಗಿನ ಮನುಷ್ಯರು ಬೇರೆ. ಆಂಥನಿ ಪರ್ಕಿನ್ಸ್ ತಡವರಿಸುವುದಕ್ಕೆ ತಕ್ಕಂತೆ ಕತ್ತರಿಸಿದ್ದನ್ನು ಇನ್ನೊಬ್ಬನ ಮೈಗೆ ತೊಡಿಸಿದರೆ ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ.

* * *

ಈಗಿನ ಕಾಲಕ್ಕೆ ಬರೋಣ. ಅಮೆರಿಕದ ಡೇವಿಡ್ ಬೋರ್ಡ್‌ವೆಲ್ ಅನ್ನುವ ವಿದ್ವಾಂಸರು ಹಾಲಿವುಡ್ ಚಿತ್ರಗಳ ಶಾಟುಗಳನ್ನು ಎಣಿಸಿ ಹೇಳಿದ ಪ್ರಕಾರ 1930ರಿಂದ 1960ರವರೆಗೆ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ಇರುತ್ತಿತ್ತು. ಶತಮಾನದ ಕೊನೆಗೆ ಅದು 3ರಿಂದ 6 ಸೆಕೆಂಡಿಗೆ ಇಳಿಯಿತು. ಕಾರಣ ಹಲವು: ಟಿವಿ, ಜಾಹೀರಾತು, ಮ್ಯೂಸಿಕ್ ವಿಡಿಯೋ, ಜೊತೆಗೆ ಕಂಪ್ಯೂಟರ್. ಆವಿಡ್ 1989ರಲ್ಲಿ ಬಂತು. ವಾಲ್ಟರ್ ಮರ್ಚ್ ಆವಿಡ್‌ನಲ್ಲಿ ಕತ್ತರಿಸಿದ ‘ದಿ ಇಂಗ್ಲಿಷ್ ಪೇಶೆಂಟ್’ (1996), ಕಂಪ್ಯೂಟರಿನಲ್ಲಿ ಸಂಕಲನ ಮಾಡಿ ಸಂಕಲನದ ಆಸ್ಕರ್ ಗೆದ್ದ ಮೊದಲ ಚಿತ್ರ.

ಇದೇ ಮರ್ಚ್ ಹಿಂದೆ ‘ಅಪೋಕ್ಯಾಲಿಪ್ಸ್ ನೌ’ (1979) ಚಿತ್ರಕ್ಕೆ ಕೆಲಸ ಮಾಡಿದಾಗ ಶೂಟ್ ಆಗಿದ್ದು ಹನ್ನೆರಡೂವರೆ ಲಕ್ಷ ಅಡಿ ಫಿಲ್ಮು, ಅಂದರೆ 230 ಗಂಟೆಗೂ ಮೀರಿದ್ದು. ಮುಗಿದ ಮೇಲೆ ಆ ಮಹಾನುಭಾವ ಲೆಕ್ಕ ಹಾಕಿದರೆ, ಒಬ್ಬ ಎಡಿಟರ್ ದಿನಕ್ಕೆ ಮಾಡಿದ ಕಟ್ ಸುಮಾರು ಒಂದೂವರೆ! ಉಳಿದ ಹೊತ್ತೆಲ್ಲ ನೋಡಿದ್ದು, ಯೋಚಿಸಿದ್ದು, ಮಾಡಿ ಅಳಿಸಿದ್ದು. ನನ್ನ ಮ್ಯಾನೇಜರ್‌ಗೆ ಈ ಲೆಕ್ಕ ತೋರಿಸಬೇಕು ಅಂತ ಬಹಳ ದಿನದಿಂದ ಆಸೆ.

ಈಗ ಕತ್ತರಿಸುವುದು ಸುಲಭ, ಹಾಗಾಗಿ ಬೇರೆಯವರ ಹಾಗೆ ಕತ್ತರಿಸುವುದು ಇನ್ನೂ ಸುಲಭ. ದೊಡ್ಡ ಚಿತ್ರಗಳಲ್ಲಿ ಒಂದು ಪದ್ಧತಿ ಇದೆ. ಸಂಗೀತ ತಯಾರಾಗುವ ಮೊದಲು ಬೇರೆ ಯಾವುದೋ ಸಿನಿಮಾದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ಎಡಿಟ್ ಮಾಡುತ್ತಾರೆ, ಟೆಂಪ್ ಟ್ರ್ಯಾಕ್ ಅಂತ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ನಿರ್ದೇಶಕರಿಗೆ ಅದೇ ಬೇಕು ಅನ್ನಿಸುತ್ತದೆ. ಕೊನೆಗೆ ಸಂಗೀತ ನಿರ್ದೇಶಕ ಅದರ ಹಾಗೇ ಇನ್ನೊಂದು ಬರೆಯಬೇಕು. ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಗೆ (1968) ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನೇ ಬಿಟ್ಟು ತಾತ್ಕಾಲಿಕವಾಗಿ ಹಾಕಿಕೊಂಡ ಶಾಸ್ತ್ರೀಯ ಸಂಗೀತವನ್ನೇ ಉಳಿಸಿಕೊಂಡ. ‘ಸ್ಟಾರ್ ವಾರ್ಸ್’ (1977) ಚಿತ್ರದ ಆಕಾಶಯುದ್ಧಕ್ಕೂ, ಗ್ರಾಫಿಕ್ಸ್ ಮುಗಿಯುವವರೆಗೆ, ಎರಡನೇ ಮಹಾಯುದ್ಧದ ವಿಮಾನಗಳ ತುಣುಕುಗಳನ್ನು ಹಾಕಿಟ್ಟಿದ್ದರು. ತಾತ್ಕಾಲಿಕ ಅಂತ ಹಾಕಿದ್ದು ಕಾಯಂ ಆಗುವುದು ನಮ್ಮ ಕೋಡಿನಲ್ಲಿ ಮಾತ್ರ ಅಲ್ಲ ನೋಡಿ.

ಆದರೂ ಹೊಸತು ಸಾಧ್ಯ ಅನ್ನುವುದಕ್ಕೆ ನನಗೆ ಬಹಳ ಇಷ್ಟದ ಉದಾಹರಣೆ ಮಾರ್ಗರೆಟ್ ಸಿಕ್ಸೆಲ್. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರಕ್ಕೆ ಮೊದಲು ಆಕೆ ಒಂದೂ ಆ್ಯಕ್ಷನ್ ಚಿತ್ರ ಎಡಿಟ್ ಮಾಡಿದವರಲ್ಲ. ಕೈಗೆ ಬಂದದ್ದು 480 ಗಂಟೆಯ ತುಣುಕು. ಕೊನೆಗೆ ಎರಡು ಗಂಟೆಯಲ್ಲಿ ಸುಮಾರು 2700 ಕಟ್. ಇಷ್ಟು ಕಟ್ ಇದ್ದರೂ ಕಣ್ಣಿಗೆ ತ್ರಾಸವಿಲ್ಲ. ಯಾಕೆಂದರೆ ನೋಡಬೇಕಾದ್ದನ್ನು ಪ್ರತಿ ಶಾಟಿನಲ್ಲೂ ಪರದೆಯ ನಡುವೆಯೇ ಇಟ್ಟು ತೆಗೆದಿದ್ದಾರೆ, ನಮ್ಮ ಕಣ್ಣು ಹುಡುಕಾಡಬೇಕಿಲ್ಲ. ಆಕೆಗೆ ಆಸ್ಕರ್ ಬಂತು. ವೇಗದ ಕಟ್ ಆಕೆ ಕಂಡುಹಿಡಿದದ್ದಲ್ಲ. 480 ಗಂಟೆಯನ್ನು ಕೂತು ನೋಡಿದ್ದು ಮಾತ್ರ ಆಕೆಯೇ.

ನಮ್ಮವರ ಮಾತೂ ಬರಲಿ. 2022ರಲ್ಲಿ ‘ಕೆಜಿಎಫ್ ಚಾಪ್ಟರ್ 2’ ಬಂದಾಗ ಸಂಕಲನಕಾರನ ಹೆಸರು ನೋಡಿ ಎಲ್ಲರೂ ಹುಬ್ಬೇರಿಸಿದ್ದೆವು. ಕಲಬುರಗಿಯ ಉಜ್ವಲ್ ಕುಲಕರ್ಣಿ, ಇಪ್ಪತ್ತರ ಆಸುಪಾಸಿನ ಹುಡುಗ. ಯೂಟ್ಯೂಬಿಗೆ ಫ್ಯಾನ್ ಎಡಿಟ್, ಕಿರುಚಿತ್ರ ಅಂತ ಮಾಡಿಕೊಂಡಿದ್ದವನನ್ನು ಪ್ರಶಾಂತ್ ನೀಲ್ ಕರೆದು ಅಷ್ಟು ದೊಡ್ಡ ಚಿತ್ರ ಕೈಗಿಟ್ಟರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಫ್ಯಾನ್ ಎಡಿಟ್ ಅಂದರೆ ಏನು? ಇನ್ನೊಬ್ಬರ ಸಿನಿಮಾ ಕತ್ತರಿಸಿ ಜೋಡಿಸುವುದು. ಐಸೆನ್‌ಸ್ಟೈನ್ ಮಬೂಜೆಗೆ ಮಾಡಿದ್ದೂ ಅದನ್ನೇ ತಾನೇ? ಆ ಹುಡುಗನ ಸುದ್ದಿ ಓದಿದ ದಿನ ನನಗೆ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಯಾಕೆಂದರೆ...

* * *

ಯಾಕೆಂದರೆ ನಾನೂ ಒಂದು ಕಾಲದಲ್ಲಿ ‘ಎಡಿಟರ್’. ಇಲ್ಲಿಂದ ತಪ್ಪೊಪ್ಪಿಗೆ.

2018. ಎಂಜಿನಿಯರಿಂಗ್ ಮೂರನೇ ವರ್ಷ. ನನ್ನ ಹಾಸ್ಟೆಲ್ ರೂಮ್‌ಮೇಟ್, ಗದಗಿನ ಹುಡುಗ, ಯಾರದೋ ಕ್ಯಾಮೆರಾ ಎರವಲು ತಂದು ತನ್ನ ಊರಿನ ಮನೆಯಲ್ಲಿ ಎರಡು ದಿನ ಶೂಟ್ ಮಾಡಿ ಒಂದು ಕಿರುಚಿತ್ರ ಮಾಡಿದ. ಊರು ಬಿಟ್ಟ ಮೊಮ್ಮಗ ಅಜ್ಜಿಯನ್ನು ನೋಡಲು ಬರುವ ಕಥೆ. ಅಜ್ಜಿ ಅವನ ಸ್ವಂತ ಅಜ್ಜಿಯೇ. ಅವನು ಜೋಡಿಸಿದಾಗ ಚಿತ್ರ 19 ನಿಮಿಷ ಇತ್ತು. ಶುರುವಾಗುವುದು ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಶಾಟಿನಿಂದ. ನಾಲ್ಕು ನಿಮಿಷ, ಒಂದೂ ಕಟ್ ಇಲ್ಲ.

ಇಂಟರ್ ಕಾಲೇಜ್ ಸ್ಪರ್ಧೆಗೆ 8 ನಿಮಿಷದ ಮಿತಿ. ‘ನೀನೇ ಸ್ವಲ್ಪ ನೋಡು’ ಅಂತ ನನಗೆ ಕೊಟ್ಟ. ನಾನು ಆಗಷ್ಟೇ ಎಡ್ಗರ್ ರೈಟ್‌ನ ‘ಶಾನ್ ಆಫ್ ದಿ ಡೆಡ್’ (2004) ನೋಡಿ ಹುಚ್ಚಾಗಿದ್ದೆ. ಹಲ್ಲುಜ್ಜುವುದು, ಟೀ ಮಾಡುವುದನ್ನೂ ಟಕ್ ಟಕ್ ಟಕ್ ಅಂತ ಕ್ಲೋಸಪ್‌ಗಳಲ್ಲಿ ಕತ್ತರಿಸಿರುತ್ತಾರಲ್ಲ, ಅದು. ಅಜ್ಜಿಯ ನಾಲ್ಕು ನಿಮಿಷವನ್ನು ನಾನು ಇಪ್ಪತ್ತು ಸೆಕೆಂಡ್ ಮಾಡಿದೆ, ಹದಿನಾರು ಕಟ್. ಹಿಟ್ಟು, ಟಕ್. ಬಡಿತ, ಟಕ್. ಬಳೆ, ಟಕ್. ಹಂಚು, ಟಕ್. ಬೆಂಕಿ, ಟಕ್. ಕ್ಲೋಸಪ್ ಇಲ್ಲದ ಕಡೆ ಝೂಮ್ ಮಾಡಿ ತಯಾರಿಸಿದೆ.

ಸ್ಪರ್ಧೆಯಲ್ಲಿ ಅತ್ಯುತ್ತಮ ಸಂಕಲನ ನಮಗೇ. ತೀರ್ಪುಗಾರರೊಬ್ಬರು ವೇದಿಕೆಯಲ್ಲೇ ‘ಬಹಳ ಒರಿಜಿನಲ್ ಆಗಿದೆ’ ಅಂದರು. ನಾನು ಹಲ್ಲು ಕಿರಿದು ಕೈ ಕುಲುಕಿದೆ. ಎಡ್ಗರ್ ರೈಟ್ ಹೆಸರು ಬಾಯಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ರೈಟ್ ತಾನೇ ಸ್ಯಾಮ್ ರೈಮಿಯ ‘ಈವಿಲ್ ಡೆಡ್ 2’ (1987) ನೋಡಿ ಕಲಿತೆ ಅಂತ ಧಾರಾಳವಾಗಿ ಹೇಳಿಕೊಂಡವನು. ನಾನು ಅವನ ಕಟ್ ತೆಗೆದುಕೊಂಡೆ, ಆ ಧಾರಾಳ ತೆಗೆದುಕೊಳ್ಳಲಿಲ್ಲ.

ರಾತ್ರಿ ರೂಮಿಗೆ ಬಂದ ಮೇಲೆ ಗೆಳೆಯ ಪ್ರಶಸ್ತಿಯನ್ನು ನನ್ನ ಟೇಬಲ್ ಮೇಲೆ ಇಟ್ಟು, “ಚೊಲೋ ಆಗೇತಿ ಬಿಡು. ಖರೆ ಇದು ನನ್ನ ಪಿಕ್ಚರ್ ಅಲ್ಲಲೇ” ಅಂದ. ಜಗಳ ಆಡಲಿಲ್ಲ. ಆಮೇಲೆ ಆ ಚಿತ್ರದ ಮಾತೇ ನಮ್ಮಿಬ್ಬರ ನಡುವೆ ಬರಲಿಲ್ಲ.

ಅವನ ಅಜ್ಜಿ 2021ರಲ್ಲಿ ಹೋದರು. ಕಳೆದ ತಿಂಗಳು ಅವನ ಮದುವೆಯ ಹಿಂದಿನ ರಾತ್ರಿ ಎಲ್ಲರೂ ಮಹಡಿಯ ಮೇಲೆ ಮಲಗಿದ್ದಾಗ ಕೇಳಿದ, “ಲೇ, ನಮ್ಮ ಅಜ್ಜಿ ರೊಟ್ಟಿ ಬಡಿಯೋದು ಇತ್ತಲ್ಲ, ಪೂರಾ, ಅದು ಐತೇನೋ ನಿನ್ನ ಹಂತ್ಯಾಕ? ನನ್ನ ಲ್ಯಾಪ್‌ಟಾಪ್ ಆವಾಗನ ಸತ್ತು ಹೋತು.”

“ಇರಬೇಕು, ನೋಡ್ತೀನಿ” ಅಂದೆ.

ಬೆಂಗಳೂರಿಗೆ ಬಂದು ಹಳೇ ಹಾರ್ಡ್ ಡಿಸ್ಕ್ ಹುಡುಕಿದೆ. ಪ್ರಾಜೆಕ್ಟ್ ಫೈಲ್ ಸಿಕ್ಕಿತು. ತೆರೆದೆ. ಟೈಮ್‌ಲೈನ್ ಹಾಗೇ ಇದೆ, ನನ್ನ ಹದಿನಾರು ಕಟ್ಟುಗಳೂ ಫ್ರೇಮು ತಪ್ಪದೆ ಅಲ್ಲೇ ಇವೆ. ಆದರೆ ಪರದೆಯ ತುಂಬ ಕೆಂಪು, ‘ಮೀಡಿಯಾ ಆಫ್‌ಲೈನ್’. ಎಡಿಟಿಂಗ್ ಮಾಡಿದವರಿಗೆ ಗೊತ್ತು ಅದರ ಅರ್ಥ. 2019ರಲ್ಲಿ ಕೆಲಸಕ್ಕೆ ಸೇರುವಾಗ ಜಾಗ ಸಾಲದು ಅಂತ ನಾನೇ ಆ ಫೋಲ್ಡರ್ ಅಳಿಸಿದ್ದೆ. ಫೈನಲ್ ವರ್ಷನ್ ಇದೆಯಲ್ಲ, ಇನ್ನು ಇದು ಯಾಕೆ ಅಂತ. ಪೋರ್ಟರನ ಚಿತ್ರ ತಿದ್ದಿದ ಆ ಪುಣ್ಯಾತ್ಮನೂ ಹೀಗೇ ಅಂದುಕೊಂಡಿರಬೇಕು.

ಎರಡು ದಿನ ಅವನಿಗೆ ಉತ್ತರ ಕೊಡಲಿಲ್ಲ. ಮೂರನೇ ದಿನ ಹಳೇ ಮೇಲ್‌ಗಳನ್ನು ಕೆದಕುವಾಗ, ಸ್ಪರ್ಧೆಗೆ ಮೊದಲು ‘ಇದು ನನ್ನ ವರ್ಷನ್, ನೋಡಿ ಹೇಳು’ ಅಂತ ಅವನು ಕಳಿಸಿದ್ದ ಒಂದು ಲಿಂಕ್ ಸಿಕ್ಕಿತು. ಡ್ರೈವ್‌ನಲ್ಲಿ ಫೈಲು ಇನ್ನೂ ಇದೆ! 19 ನಿಮಿಷ, ಅಂಗೈಯಗಲದ 240ಪಿ ವಿಡಿಯೋ. ಅವನ ಸಾಫ್ಟ್‌ವೇರ್ ಟ್ರಯಲ್ ಆವೃತ್ತಿಯಾದ್ದರಿಂದ ಅಡ್ಡಲಾಗಿ ದೊಡ್ಡ ವಾಟರ್‌ಮಾರ್ಕ್. ಅಜ್ಜಿಯ ಅರ್ಧ ಮುಖ ಅದರ ಹಿಂದೆ. ಆದರೆ ನಾಲ್ಕು ನಿಮಿಷವೂ ಇದೆ, ಒಂದೂ ಕಟ್ ಇಲ್ಲದೆ. ನನ್ನ ಪಾಲಿನ ಕಾಗದದ ಸುರುಳಿ.

ಕೂತು ಪೂರ್ತಿ ನೋಡಿದೆ. ಎಡಿಟ್ ಮಾಡುವಾಗಲೂ ನಾನು ಇದನ್ನು ಪೂರ್ತಿ ನೋಡಿರಲಿಲ್ಲ ಅಂತ ಆಗ ಗೊತ್ತಾಯಿತು. ಕತ್ತರಿಸಲು ಎಲ್ಲಿ ಜಾಗ ಇದೆ ಅಂತ ಓಡಿಸಿ ಓಡಿಸಿ ನೋಡಿದ್ದೆ ಅಷ್ಟೇ. ಮೊದಲ ರೊಟ್ಟಿ ಹರಿಯುತ್ತದೆ, ಅಜ್ಜಿ ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯುತ್ತಾರೆ. ಎರಡನೆಯದು ಹಂಚಿನ ಮೇಲೆ ಉಬ್ಬುವಾಗ ಕ್ಯಾಮೆರಾ ಹಿಂದಿರುವ ಮೊಮ್ಮಗನ ಕಡೆ ಒಮ್ಮೆ ನೋಡುತ್ತಾರೆ. ಚಿತ್ರದ ಇಡೀ ಕಥೆ ಆ ನೋಟದಲ್ಲಿತ್ತು. ನಾನು ಅದನ್ನು ‘ಮಿಸ್ಟೇಕ್, ಕ್ಯಾಮೆರಾ ನೋಡಿಬಿಟ್ಟರು’ ಅಂತ ಮೊದಲು ಕತ್ತರಿಸಿದ್ದು.

ಕಟ್ ಎರವಲು ತಂದಿದ್ದಕ್ಕೆ ನನಗೆ ಈಗಲೂ ಅಂಥ ನಾಚಿಕೆಯಿಲ್ಲ. ವಿಲಿಯಮ್ಸನ್‌ನಿಂದ ಉಜ್ವಲ್‌ವರೆಗೆ ಎಲ್ಲರೂ ಯಾರನ್ನೋ ನೋಡಿ ಕಲಿತವರೇ. ಹೆಸರು ಹೇಳದೆ ಪ್ರಶಸ್ತಿ ತೆಗೆದುಕೊಂಡದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಮುಂದಿದ್ದ ಅಜ್ಜಿಯನ್ನು ನೋಡದೆ ಬೇರೆಯವರ ಸಿನಿಮಾ ನೋಡಿಕೊಂಡು ಕತ್ತರಿಸಿದ್ದು.

ಫೈಲನ್ನು ಅವನಿಗೆ ಕಳಿಸಿದೆ. ಅಸಲು ಫೈಲು ಅಳಿಸಿದ್ದು ನಾನೇ ಅಂತಲೂ ಬರೆದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು, “ಮಾರಿ ಕಾಣಂಗಿಲ್ಲ ನೆಟ್ಟಗ. ಆದ್ರ ನಡುವ ಅಜ್ಜಿ ಕೆಮ್ಮಿದ್ದು ಕೇಳಸ್ತೈತಿ ನೋಡು.”

ಹೌದು, ಆ ಕೆಮ್ಮನ್ನೂ ನಾನು ತೆಗೆದಿದ್ದೆ.

ಈ ವಾಟರ್‌ಮಾರ್ಕ್ ತೆಗೆಯಲು ಸಾಧ್ಯವೇ ಅಂತ ಬಲ್ಲವರು ಕಾಮೆಂಟಿನಲ್ಲಿ ತಿಳಿಸಿ. ಈಗಿನ ಎಐ ಟೂಲುಗಳು ಮುಚ್ಚಿದ ಅರ್ಧ ಮುಖವನ್ನು ತಾವೇ ತುಂಬಿಕೊಡುತ್ತವಂತೆ. ಮಾಡಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ತುಂಬಿಸಿದ ಮೇಲೆ ಅದು ಅವನ ಅಜ್ಜಿಯ ಮುಖವೇ ಆಗಿರುತ್ತದೆಯೇ? ನೀವೇನಂತೀರಿ?